ಒಬ್ಬ ಜಾಝ್ ಅಥವಾ ರಾಕ್ ಕಲಾವಿದರ ಸಂಗೀತಯಾನವನ್ನು ರೇಡಿಯೊದ ಒಂದು ಗಂಟೆಯಲ್ಲಿ ಕೇಳಿಸುವ ಕ್ರಮ ಯಾವುದು?

ತರಂಗಾಂತರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸಮುದಾಯ ರೇಡಿಯೊ ಕೇಂದ್ರದಲ್ಲಿ ಪ್ರತಿ ಶನಿವಾರ ರಾತ್ರಿ ಕನ್ನಡದಲ್ಲಿ ಒಂದು ಗಂಟೆಯ ಕಾರ್ಯಕ್ರಮವನ್ನು ನಡೆಸಿಕೊಡುವ ಅವಕಾಶ ನನಗೆ ದೊರೆತಿದೆ. ವಾರಕ್ಕೊಬ್ಬ ಜಾಝ್ ಅಥವಾ ರಾಕ್ ಕಲಾವಿದರನ್ನು ಆಯ್ದುಕೊಂಡು, ಅವರು ಎಲ್ಲಿಂದ ಹೊರಟರು, ಎಲ್ಲಿಗೆ ತಲುಪಿದರು, ನಡುವೆ ಅವರ ಸಂಗೀತ ಏಕೆ ಬದಲಾಯಿತು ಎಂಬುದನ್ನು ಅವರದೇ ಧ್ವನಿಮುದ್ರಣಗಳ ಮೂಲಕ ಕೇಳಿಸಬೇಕೆಂಬುದು ನನ್ನ ಆಸೆ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಭಾವಗೀತೆ ಮತ್ತು ಚಿತ್ರಗೀತೆಗಳನ್ನು ಚೆನ್ನಾಗಿ ಬಲ್ಲವರು. ಜಾಝ್ ಅಥವಾ ರಾಕ್ ಸಂಗೀತವನ್ನು ಕುಳಿತು ಕೇಳಿದವರು ಅವರಲ್ಲಿ ಕಡಿಮೆ.

ನನ್ನ ತೊಡಕು ಇದು. ಹುಟ್ಟಿದ ವರ್ಷ, ಮೊದಲ ತಂಡ, ಮೊದಲ ಆಲ್ಬಂ, ಪ್ರಶಸ್ತಿ, ಮರಣ ಎಂಬ ಕಾಲಾನುಕ್ರಮವನ್ನು ಹಿಡಿದರೆ ಮಾತೇ ಕಾರ್ಯಕ್ರಮವಾಗಿಬಿಡುತ್ತದೆ. ಸಂಗೀತವು ಆ ಮಾತಿಗೆ ನಡುನಡುವೆ ಒದಗಿಸುವ ಸಾಕ್ಷ್ಯದಂತೆ ಬಂದುಹೋಗುತ್ತದೆ. ಕಾಲಾನುಕ್ರಮವನ್ನು ಕೈಬಿಟ್ಟರೆ, ಪರಿಚಯವೇ ಇಲ್ಲದ ಕೇಳುಗರಿಗೆ ಯಾವುದು ಮೊದಲು, ಯಾವುದು ನಂತರ ಎಂಬುದೇ ತಿಳಿಯದೆ ಹೋಗುತ್ತದೆ. ಇದರ ಜೊತೆಗೆ ಜಾಝ್ ಧ್ವನಿಮುದ್ರಣಗಳು ಹತ್ತು ಹದಿನೈದು ನಿಮಿಷಗಳಷ್ಟು ದೀರ್ಘವಾಗಿರುವುದರಿಂದ ಗಂಟೆಗೆ ಮೂರೋ ನಾಲ್ಕೋ ಮಾತ್ರ ಹಿಡಿಯುತ್ತವೆ. ಈ ಕೆಲಸವನ್ನು ಹಿಂದೆ ಯಾರು ಚೆನ್ನಾಗಿ ಮಾಡಿದ್ದಾರೆ, ಅವರಿಂದ ನಾವು ಯಾವ ಕ್ರಮವನ್ನು ಕಲಿಯಬಹುದು, ಮೊದಲ ಕೆಲವು ವಾರಗಳಿಗೆ ಯಾರನ್ನು ಆಯ್ದುಕೊಳ್ಳಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಬಿಳಿಮನೆ ಕರಿಮನೆ:

ತರಂಗಾಂತರ ಅವರೇ, ನಿಮ್ಮ ಪ್ರಶ್ನೆಗೆ ರೇಡಿಯೊ ಮಾಧ್ಯಮವೇ ಕೊಟ್ಟಿರುವ ಅತ್ಯುತ್ತಮ ಉತ್ತರವೆಂದರೆ, ನನ್ನ ದೃಷ್ಟಿಯಲ್ಲಿ, ಅಮೆರಿಕದ ನ್ಯಾಷನಲ್ ಪಬ್ಲಿಕ್ ರೇಡಿಯೊದಲ್ಲಿ 1979ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ವಾರಕ್ಕೊಮ್ಮೆ ಪ್ರಸಾರವಾದ ‘ಪಿಯಾನೊ ಜಾಝ್’ ಎಂಬ ಕಾರ್ಯಕ್ರಮ. ಅದನ್ನು ನಡೆಸಿಕೊಟ್ಟ ಮೇರಿಯನ್ ಮ್ಯಾಕ್‌ಪಾರ್ಟ್‌ಲೆಂಡ್ ಅವರು 1918ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ಶಾಸ್ತ್ರೀಯ ಪಿಯಾನೊ ಕಲಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಮುಂದೆ ನುಡಿಸಲು ಹೋದಾಗ ಅಮೆರಿಕದ ಕಾರ್ನೆಟ್ ವಾದಕ ಜಿಮ್ಮಿ ಮ್ಯಾಕ್‌ಪಾರ್ಟ್‌ಲೆಂಡ್ ಅವರನ್ನು ಮದುವೆಯಾಗಿ, 1950ರ ದಶಕದಲ್ಲಿ ನ್ಯೂಯಾರ್ಕಿನ ಹಿಕರಿ ಹೌಸ್ ಎಂಬಲ್ಲಿ ವರ್ಷಗಟ್ಟಲೆ ತಮ್ಮ ಮೂವರ ತಂಡದೊಂದಿಗೆ ನುಡಿಸಿದವರು. ಅಂದರೆ ಕಾರ್ಯಕ್ರಮ ಆರಂಭವಾದಾಗ ಅವರಿಗೆ ಅರವತ್ತು ತುಂಬಿತ್ತು, ಮತ್ತು ಅತಿಥಿಗಳಲ್ಲಿ ಅನೇಕರು ಅವರಿಗೆ ವೇದಿಕೆಯ ಮೇಲಿನ ಒಡನಾಟದಿಂದಲೇ ಪರಿಚಿತರಾಗಿದ್ದರು.

ಕಾರ್ಯಕ್ರಮದ ಏರ್ಪಾಡು ಸರಳವಾಗಿತ್ತು. ಸ್ಟುಡಿಯೊದಲ್ಲಿ ಎರಡು ಪಿಯಾನೊಗಳು, ಒಂದರ ಮುಂದೆ ಮೇರಿಯನ್, ಇನ್ನೊಂದರ ಮುಂದೆ ಅತಿಥಿ. ಸ್ವಲ್ಪ ಮಾತು, ಅತಿಥಿಯ ಏಕವಾದನ, ಮತ್ತೆ ಮಾತು, ನಂತರ ಇಬ್ಬರೂ ಕೂಡಿ ನುಡಿಸುವ ಪೂರ್ವಸಿದ್ಧತೆಯಿಲ್ಲದ ಜುಗಲ್‌ಬಂದಿ. ಕೆಲವು ಸಲ ಮೇರಿಯನ್ ಅವರು ಅತಿಥಿಯ ಸ್ವಭಾವವನ್ನೇ ವಸ್ತುವಾಗಿಸಿಕೊಂಡು ಸ್ಥಳದಲ್ಲೇ ಒಂದು ಸಂಗೀತಚಿತ್ರವನ್ನು ನುಡಿಸುತ್ತಿದ್ದರು. ಮೊದಲ ಅತಿಥಿಯಾಗಿ ಬಂದವರು ಮೇರಿ ಲೂ ವಿಲಿಯಮ್ಸ್. ಆ ಆಯ್ಕೆಯ ಹಿಂದಿನ ವಿವೇಕವನ್ನು ಗಮನಿಸಬೇಕು: 1910ರಲ್ಲಿ ಹುಟ್ಟಿದ ಅವರು ಆ್ಯಂಡಿ ಕರ್ಕ್ ಅವರ ವಾದ್ಯವೃಂದಕ್ಕೆ ಸಂಯೋಜನೆಗಳನ್ನು ಬರೆದು, 1940ರ ದಶಕದಲ್ಲಿ ಥೆಲೋನಿಯಸ್ ಮಂಕ್, ಬಡ್ ಪವೆಲ್ ಮೊದಲಾದ ಕಿರಿಯ ಪಿಯಾನೊ ವಾದಕರಿಗೆ ಹಿರಿಯಕ್ಕನಂತೆ ನಿಂತು, ಮುಂದೆ ಕ್ರೈಸ್ತ ಪೂಜಾವಿಧಿಗೂ ಜಾಝ್ ಸಂಗೀತವನ್ನು ರಚಿಸಿದವರು. ಜಾಝ್ ಇತಿಹಾಸದ ಬಹುಪಾಲು ಹಂತಗಳನ್ನು ಒಬ್ಬರೇ ತಮ್ಮ ಎರಡು ಕೈಗಳಿಂದ ನುಡಿಸಿ ತೋರಿಸಬಲ್ಲವರಾಗಿದ್ದರು.

ನೀವು ಕಡ್ಡಾಯವಾಗಿ ಕೇಳಬೇಕಾದದ್ದು ಬಿಲ್ ಇವಾನ್ಸ್ ಅತಿಥಿಯಾಗಿದ್ದ ಕಂತು. ಅದನ್ನು ಧ್ವನಿಮುದ್ರಿಸಿಕೊಂಡದ್ದು 1978ರ ನವೆಂಬರಿನಲ್ಲಿ; ಎರಡು ವರ್ಷ ತುಂಬುವ ಮೊದಲೇ, 1980ರ ಸೆಪ್ಟೆಂಬರಿನಲ್ಲಿ ಇವಾನ್ಸ್ ತೀರಿಕೊಂಡರು. ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣದ ಪಿಯಾನೊ ವಾದಕರೆಂದು ಲೋಕ ಬಲ್ಲ ಆ ಮನುಷ್ಯರ ಮುಂದೆ ಕುಳಿತು, ಮೇರಿಯನ್ ಅವರು ಆ ಖ್ಯಾತಿಯನ್ನು ಕೆದಕುವುದಕ್ಕಿಂತ ಹೆಚ್ಚಾಗಿ ಕೈಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಕೇಳುತ್ತಾರೆ. ಇವಾನ್ಸ್ ಒಂದು ಸ್ವರಗುಚ್ಛವನ್ನು ತಾಳದ ಒಳಗೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಸರಿಸಿ ನುಡಿಸುತ್ತಾ, ಮೂಲ ಲಯ ಒಳಗೆ ಅಚಲವಾಗಿದ್ದರೆ ಮಾತ್ರ ಈ ಸರಿಸುವಿಕೆ ಸಾಧ್ಯ ಎಂಬುದನ್ನು ಕಿವಿಗೆ ಸ್ಪಷ್ಟವಾಗುವಂತೆ ತೋರಿಸುತ್ತಾರೆ. ತಾಳದ ಆರಂಭಕ್ಕಿಂತ ಮೊದಲು ಅಥವಾ ನಂತರ ಹಾಡನ್ನು ಎತ್ತಿಕೊಳ್ಳುವ ಅತೀತ, ಅನಾಗತ ಎಡುಪುಗಳನ್ನು ಬಲ್ಲ ನಿಮ್ಮ ಕೇಳುಗರಿಗೆ ಈ ಭಾಗಕ್ಕೆ ಹೆಚ್ಚಿನ ವ್ಯಾಖ್ಯಾನದ ಅಗತ್ಯವೇ ಬೀಳಲಾರದು.

ಈ ಕಾರ್ಯಕ್ರಮ ಪಿಯಾನೊ ವಾದಕರಿಗಷ್ಟೇ ಮೀಸಲಾಗಿರಲಿಲ್ಲ. ಡಿಝ್ಝಿ ಗಿಲೆಸ್ಪಿ ಬಂದರು, ಆಲಿಸ್ ಕೋಲ್ಟ್ರೇನ್ ಬಂದರು. ರಾಕ್ ಲೋಕದಿಂದ ಸ್ಟೀಲಿ ಡ್ಯಾನ್ ತಂಡದ ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್, ಎಲ್ವಿಸ್ ಕಾಸ್ಟೆಲೊ ಕೂಡ ಬಂದರು. ರಾಕ್ ಕಲಾವಿದರನ್ನು ಕರೆದಾಗಲೂ ಕೇಳುತ್ತಿದ್ದುದು ಸಂಗೀತದ ಪ್ರಶ್ನೆಗಳನ್ನೇ. ಹಾಗಾಗಿ ನನ್ನ ಸಲಹೆ: ಒಬ್ಬ ಕಲಾವಿದರ ಬದುಕನ್ನು ಹೇಳಹೊರಟಾಗ, ಅವರು ಏನೇನು ಸಾಧಿಸಿದರು ಎಂಬುದರಿಂದ ಆರಂಭಿಸದೆ, ಅವರು ನುಡಿಸುವ ರೀತಿಯಲ್ಲಿ ಯಾವುದು ಅವರದೇ ಆದದ್ದು ಎಂಬುದನ್ನು ಮೊದಲ ಐದು ನಿಮಿಷಗಳಲ್ಲೇ ಕೇಳಿಸಿ. ಉಳಿದ ಗಂಟೆಯೆಲ್ಲ ಅದು ಅವರಿಗೆ ಎಲ್ಲಿಂದ ಬಂತು ಎಂಬುದರ ಹುಡುಕಾಟವಾಗಲಿ.

ಮಂದ್ರಸ್ಥಾಯಿ:

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಆದರೆ ‘ಪಿಯಾನೊ ಜಾಝ್’ನ ಶಕ್ತಿ ಇದ್ದದ್ದು ಜೀವಂತ ಅತಿಥಿ ಮತ್ತು ಅವರಿಗೆ ಸರಿಸಾಟಿಯಾಗಿ ನುಡಿಸಬಲ್ಲ ನಿರೂಪಕಿ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿದ್ದರಲ್ಲಿ. ಸಮುದಾಯ ರೇಡಿಯೊದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಮುಂದಿಟ್ಟುಕೊಂಡು ಒಬ್ಬರೇ ಮಾತನಾಡುವವರಿಗೆ ಬೇರೆಯದೇ ಉಪಾಯ ಬೇಕು. ನಾನು ಸೂಚಿಸುವುದು ಒಂದೇ ಕೃತಿಯನ್ನು ಒಬ್ಬರೇ ಕಲಾವಿದರು ತಮ್ಮ ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ನುಡಿಸಿರುವುದನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕೇಳಿಸುವ ಕ್ರಮವನ್ನು. ಹೀಗೆ ಮಾಡಿದಾಗ ಕಾಲಾನುಕ್ರಮ ತಾನಾಗಿ ಉಳಿಯುತ್ತದೆ, ಆದರೆ ಅದನ್ನು ಹೇಳುವ ಹೊಣೆ ನಿರೂಪಕರಿಂದ ಸಂಗೀತಕ್ಕೆ ವರ್ಗವಾಗುತ್ತದೆ.

ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರನ್ನೇ ತೆಗೆದುಕೊಳ್ಳಿ. ‘ಮೈ ಫೇವರಿಟ್ ಥಿಂಗ್ಸ್’ ಎಂಬುದು 1959ರ ಬ್ರಾಡ್‌ವೇ ಸಂಗೀತನಾಟಕವೊಂದರ ಸರಳವಾದ ಹಾಡು. ಅದನ್ನು ಕೋಲ್ಟ್ರೇನ್ 1960ರ ಅಕ್ಟೋಬರಿನಲ್ಲಿ ಸೊಪ್ರಾನೊ ಸ್ಯಾಕ್ಸೋಫೋನಿನಲ್ಲಿ ನುಡಿಸಿ ಧ್ವನಿಮುದ್ರಿಸಿದಾಗ ಅದು ಹದಿಮೂರು ನಿಮಿಷಗಳಿಗೂ ಹೆಚ್ಚು ಬೆಳೆಯಿತು. ಮೆಕಾಯ್ ಟೈನರ್ ಅವರ ಪಿಯಾನೊ ಎರಡೇ ಸ್ವರಮೇಳಗಳ ನಡುವೆ ತೂಗಾಡುತ್ತಿರುವಾಗ, ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಮೂರರ ನಡೆಯನ್ನು ಹಿಡಿದಿರುವಾಗ, ಅದರ ಮೇಲೆ ಕೋಲ್ಟ್ರೇನ್ ವಿಸ್ತಾರ ಮಾಡುತ್ತಾ ಹೋಗುತ್ತಾರೆ. ಸ್ವರಮೇಳಗಳು ಕ್ಷಣಕ್ಷಣಕ್ಕೂ ಬದಲಾಗುವ ಜಾಝ್‌ಗಿಂತ, ಹೀಗೆ ಒಂದು ನೆಲೆಯ ಮೇಲೆ ನಿಂತು ಬೆಳೆಯುವ ಜಾಝ್ ನಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಆದ್ದರಿಂದಲೇ ಮೊದಲ ವಾರಕ್ಕೆ ಇದು ಬಹಳ ಸೂಕ್ತ. ಇದರ ನಂತರ 1963ರ ನ್ಯೂಪೋರ್ಟ್ ಉತ್ಸವದಲ್ಲಿ ರಾಯ್ ಹೇನ್ಸ್ ಡ್ರಮ್ಸ್ ನುಡಿಸಿದ ರೂಪವನ್ನು ಕೇಳಿಸಿ. ಕೊನೆಗೆ 1967ರ ಏಪ್ರಿಲ್ 23ರಂದು ಹಾರ್ಲೆಮ್‌ನ ಒಲಾಟುಂಜಿ ಕೇಂದ್ರದಲ್ಲಿ ನುಡಿಸಿದ ರೂಪದ ಒಂದು ಭಾಗ. ಅಲ್ಲಿ ಅದೇ ಹಾಡು ಮೂವತ್ತನಾಲ್ಕು ನಿಮಿಷಗಳಾಗಿದೆ, ಮೂಲ ರಾಗರೇಖೆ ಗುರುತು ಸಿಗದಷ್ಟು ಕರಗಿಹೋಗಿದೆ, ಪಿಯಾನೊದಲ್ಲಿ ಅವರ ಪತ್ನಿ ಆಲಿಸ್ ಇದ್ದಾರೆ, ಎರಡನೆಯ ಸ್ಯಾಕ್ಸೋಫೋನಿನಲ್ಲಿ ಫರೋವಾ ಸ್ಯಾಂಡರ್ಸ್ ಇದ್ದಾರೆ. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಜುಲೈ 17ರಂದು, ಕೋಲ್ಟ್ರೇನ್ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಏಳು ವರ್ಷಗಳಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ನಡೆಯಬಹುದು ಎಂಬುದನ್ನು ಈ ಮೂರು ಧ್ವನಿಮುದ್ರಣಗಳಷ್ಟು ಸ್ಪಷ್ಟವಾಗಿ ಯಾವ ಜೀವನಚರಿತ್ರೆಯೂ ಹೇಳಲಾರದು.

ಬದುಕಿನ ವಿವರಗಳನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಯಾವ ಸಂಗತಿ ಸಂಗೀತದ ದಾರಿಯನ್ನೇ ತಿರುಗಿಸಿತೋ ಅದನ್ನು ಹೇಳಲೇಬೇಕು. ಮಂಕ್ ಅವರು 1951ರಲ್ಲಿ ತಮ್ಮ ಕ್ಯಾಬರೆ ಕಾರ್ಡನ್ನು ಕಳೆದುಕೊಂಡರು. ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ನ್ಯೂಯಾರ್ಕ್ ಪೊಲೀಸರು ಕೊಡುತ್ತಿದ್ದ ಆ ಪರವಾನಗಿ ಇಲ್ಲದೆ, ತಮ್ಮದೇ ನಗರದ ಕ್ಲಬ್ಬುಗಳಿಂದ ಅವರು ಆರು ವರ್ಷ ಹೊರಗುಳಿಯಬೇಕಾಯಿತು. 1957ರಲ್ಲಿ ಅದು ಮರಳಿ ದೊರೆತ ಬಳಿಕ ಫೈವ್ ಸ್ಪಾಟ್ ಎಂಬಲ್ಲಿ ಕೋಲ್ಟ್ರೇನ್ ಅವರನ್ನು ಜೊತೆಗಿಟ್ಟುಕೊಂಡು ನುಡಿಸಿದ ತಿಂಗಳುಗಳು ಇಬ್ಬರ ಹಾದಿಯನ್ನೂ ಬದಲಿಸಿದವು. ಅದೇ ರೀತಿ, 1942ರ ಆಗಸ್ಟ್‌ನಿಂದ ಅಮೆರಿಕದ ಸಂಗೀತಗಾರರ ಸಂಘ ಧ್ವನಿಮುದ್ರಣವನ್ನೇ ಬಹಿಷ್ಕರಿಸಿದ್ದರಿಂದ, ಬೀಬಾಪ್ ಎಂಬ ಹೊಸ ಶೈಲಿ ರೂಪುಗೊಳ್ಳುತ್ತಿದ್ದ ವರ್ಷಗಳ ಸಂಗೀತ ನಮಗೆ ಹೆಚ್ಚಾಗಿ ಸಿಗುವುದೇ ಇಲ್ಲ. ಆ ಶೈಲಿಯ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಒಮ್ಮೆಲೇ ಪೂರ್ಣರೂಪದಲ್ಲಿ ಪ್ರತ್ಯಕ್ಷರಾದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಇಂಥ ವಿವರಗಳು ಕಿವಿಯನ್ನು ತೆರೆಸುತ್ತವೆ. ಯಾರು ಯಾರನ್ನು ಎಷ್ಟು ಸಲ ಮದುವೆಯಾದರು, ಯಾವ ಮಾದಕ ವಸ್ತುವಿಗೆ ಬಲಿಯಾದರು ಎಂಬ ಪಟ್ಟಿಗಳಿಂದ ಕಿವಿ ಮುಚ್ಚುತ್ತದೆ.

ತರಂಗಾಂತರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಕೃತಿಯ ಹಲವು ರೂಪಗಳನ್ನು ಕೇಳಿಸುವ ಕ್ರಮ ನನಗೆ ಬಹಳ ಹಿಡಿಸಿತು. ಒಂದು ಕೃತಿಯನ್ನು ಬೇರೆ ಬೇರೆ ಕಚೇರಿಗಳಲ್ಲಿ ಕೇಳಿ ಹೋಲಿಸುವ ಅಭ್ಯಾಸ ನಮ್ಮ ಕೇಳುಗರಿಗೆ ಹೊಸದೂ ಅಲ್ಲ. ಆದರೆ ರಾಕ್ ಕಲಾವಿದರ ವಿಷಯದಲ್ಲಿ ಇದು ನಡೆದೀತೇ? ಅಲ್ಲಿ ಸ್ಟುಡಿಯೊದಲ್ಲಿ ಸಿದ್ಧವಾದ ಒಂದೇ ಧ್ವನಿಮುದ್ರಣವೇ ಕೃತಿಯೆಂದು ಎಲ್ಲರೂ ಭಾವಿಸುತ್ತಾರಲ್ಲವೇ?

ಹಳೆಯ ಶ್ರೋತೃ:

ನಡೆಯುತ್ತದೆ, ಮತ್ತು ತಮ್ಮ ಹಾಡುಗಳನ್ನು ತಾವೇ ರಚಿಸಿ ಹಾಡುವ ಗಾಯಕಿ ಜೋನಿ ಮಿಚೆಲ್ ಅವರ ವಿಷಯದಲ್ಲಿ ಮನಕಲಕುವಷ್ಟು ಚೆನ್ನಾಗಿ ನಡೆಯುತ್ತದೆ. ‘ಬೋತ್ ಸೈಡ್ಸ್ ನೌ’ ಹಾಡನ್ನು ಅವರು 1969ರ ತಮ್ಮ ಆಲ್ಬಂನಲ್ಲಿ, ಇಪ್ಪತ್ತೈದರ ವಯಸ್ಸಿನ ತೆಳುವಾದ ಎತ್ತರದ ಕಂಠದಲ್ಲಿ, ಗಿಟಾರ್ ಒಂದನ್ನೇ ಹಿಡಿದು ಹಾಡಿದ್ದಾರೆ. ಅದೇ ಹಾಡನ್ನು 2000ದಲ್ಲಿ ಹೊರಬಂದ ಆಲ್ಬಂನಲ್ಲಿ ಪೂರ್ಣ ಪ್ರಮಾಣದ ವಾದ್ಯವೃಂದದೊಂದಿಗೆ, ಬಹಳ ಕೆಳಗಿಳಿದ, ಒರಟಾದ, ನಿಧಾನವಾದ ಕಂಠದಲ್ಲಿ ಮತ್ತೆ ಹಾಡಿದ್ದಾರೆ. ಬದುಕನ್ನು ಎರಡೂ ಕಡೆಯಿಂದ ನೋಡಿದ್ದೇನೆ ಎಂಬ ಮಾತು ಮೊದಲನೆಯದರಲ್ಲಿ ಹರೆಯದ ಊಹೆಯಂತೆ, ಎರಡನೆಯದರಲ್ಲಿ ಅನುಭವದಂತೆ ಕೇಳಿಸುತ್ತದೆ. ಈ ಎರಡರ ನಡುವೆ ಅವರು ನಡೆದ ದಾರಿ ನಿಮ್ಮ ಕಾರ್ಯಕ್ರಮದ ಎರಡೂ ಲೋಕಗಳನ್ನು ಕೂಡಿಸುತ್ತದೆ: 1976ರ ‘ಹೆಜೀರಾ’ದಲ್ಲಿ ಜಾಕೊ ಪಾಸ್ಟೋರಿಯಸ್ ಅವರ ಬೇಸ್ ಗಿಟಾರ್ ಬಂದು ಸೇರಿತು, ಆಮೇಲೆ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ಜಾಝ್ ಬೇಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರೇ ಜೋನಿಯವರನ್ನು ಕರೆಸಿಕೊಂಡು ತಮ್ಮ ಸ್ವರಸಂಯೋಜನೆಗಳಿಗೆ ಸಾಹಿತ್ಯ ಬರೆಯಿಸಿದರು. ಆ ಹಾಡುಗಳ ಆಲ್ಬಂ ಮುಗಿಯುವ ಮೊದಲೇ, 1979ರ ಜನವರಿಯಲ್ಲಿ, ಮಿಂಗಸ್ ತೀರಿಕೊಂಡರು.

ಒಂದೇ ಧ್ವನಿಮುದ್ರಣವೇ ಕೃತಿ ಎಂಬ ಭಾವನೆಯ ವಿಷಯಕ್ಕೆ ಬಂದರೆ, ಅದನ್ನು ಸಡಿಲಿಸಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. ಅಮೆರಿಕದಲ್ಲಿ 1973ರಲ್ಲಿ ಆರಂಭವಾದ ‘ಕಿಂಗ್ ಬಿಸ್ಕಿಟ್ ಫ್ಲವರ್ ಅವರ್’ ಎಂಬ ವಾರದ ಕಾರ್ಯಕ್ರಮ, ರಾಕ್ ಕಚೇರಿಗಳನ್ನು ನಡೆದ ಸ್ಥಳದಲ್ಲೇ ಧ್ವನಿಮುದ್ರಿಸಿ, ದೇಶದ ಉದ್ದಗಲದ ಕೇಂದ್ರಗಳಿಗೆ ಕಳುಹಿಸಿ ಪ್ರಸಾರ ಮಾಡಿಸುತ್ತಿತ್ತು. ಅದರ ಮೊದಲ ಕಂತಿನಲ್ಲೇ ಆಗಿನ್ನೂ ಹೊಸಬರಾಗಿದ್ದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಜಾನ್ ಮೆಕ್‌ಲಾಫ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾ ಎರಡೂ ಇದ್ದವು. ಕಚೇರಿಯ ರೂಪ ಮತ್ತು ಸ್ಟುಡಿಯೊ ರೂಪಗಳ ನಡುವಿನ ಅಂತರವೇ ಒಬ್ಬ ರಾಕ್ ಕಲಾವಿದರ ಬಗ್ಗೆ ಅರ್ಧ ಕಥೆಯನ್ನು ಹೇಳುತ್ತದೆ.

ಇನ್ನೊಂದು ಮಾತು, ನಿರೂಪಣೆಯ ಬಗ್ಗೆ. ಅಮೆರಿಕ ಸರ್ಕಾರದ ಹೊರದೇಶ ಪ್ರಸಾರವಾದ ವಾಯ್ಸ್ ಆಫ್ ಅಮೆರಿಕದಲ್ಲಿ 1955ರ ಜನವರಿಯಿಂದ ಜಾಝ್ ಕೇಳಿಸುತ್ತಿದ್ದ ವಿಲ್ಲಿಸ್ ಕಾನೊವರ್ ಅವರದು ವಾರದ ಕಾರ್ಯಕ್ರಮವಲ್ಲ, ಹೆಚ್ಚುಕಡಿಮೆ ಪ್ರತಿರಾತ್ರಿಯದು. ಆದರೂ ಅವರಿಂದ ಕಲಿಯಬೇಕಾದದ್ದು ಬಹಳ ಇದೆ. ಇಂಗ್ಲಿಷ್ ಅಲ್ಪಸ್ವಲ್ಪ ಬಲ್ಲ ದೂರದ ಕೇಳುಗರು ಶಾರ್ಟ್‌ವೇವ್‌ನ ಗದ್ದಲದ ನಡುವೆ ಕೇಳುತ್ತಿದ್ದಾರೆಂಬ ಎಚ್ಚರದಿಂದ ಅವರು ಗಂಭೀರವಾದ ಕಂಠದಲ್ಲಿ, ನಿಧಾನವಾಗಿ, ಕಡಿಮೆ ಮಾತನಾಡುತ್ತಿದ್ದರು. ಆ ಬಾನುಲಿಯ ಪ್ರಸಾರ ಆಗ ಅಮೆರಿಕದ ಒಳಗಿನ ಕೇಳುಗರಿಗೆ ಕಾನೂನಿನ ಪ್ರಕಾರ ಇಲ್ಲದಿದ್ದುದರಿಂದ ಸ್ವದೇಶದಲ್ಲಿ ಅವರ ಹೆಸರು ಬಲ್ಲವರು ವಿರಳ. 1959ರಲ್ಲಿ ಪೋಲೆಂಡಿಗೆ ಹೋದಾಗ ವಾರ್ಸಾ ವಿಮಾನ ನಿಲ್ದಾಣದಲ್ಲಿ ನೆರೆದಿದ್ದ ಜನಸಂದಣಿ ತಮ್ಮನ್ನೇ ನೋಡಲು ಬಂದದ್ದೆಂದು ಅವರಿಗೆ ಮೊದಲು ಹೊಳೆಯಲೇ ಇಲ್ಲವಂತೆ. ನೀವೂ ಒಂದು ಗಂಟೆಯಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಡಿ, ಮತ್ತು ಸಂಗೀತದ ಮೇಲೆ ಎಂದೂ ಮಾತನಾಡಬೇಡಿ.

ಸೀವಾಳಿ:

ಚರ್ಚೆಯಲ್ಲಿ ಮಿಂಗಸ್ ಅವರ ಹೆಸರು ಬಂದದ್ದರಿಂದ ಚಾರ್ಲಿ ಮರಿಯಾನೊ ಅವರನ್ನು ನಿಮ್ಮ ಪಟ್ಟಿಗೆ ಸೇರಿಸಲೇಬೇಕೆಂದು ಒತ್ತಾಯಿಸುತ್ತೇನೆ. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈ ಆಲ್ಟೊ ಸ್ಯಾಕ್ಸೋಫೋನ್ ವಾದಕರು 1950ರ ದಶಕದಲ್ಲಿ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದದಲ್ಲಿದ್ದರು. 1963ರಲ್ಲಿ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಆ್ಯಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಇವರ ಸ್ಯಾಕ್ಸೋಫೋನ್ ಅಳುವಂತೆ, ಕೂಗುವಂತೆ ಕೇಳಿಸುತ್ತದೆ. 1970ರ ದಶಕದಲ್ಲಿ ಯುರೋಪಿಗೆ ಹೋಗಿ ಜರ್ಮನಿಯ ಎಂಬ್ರಿಯೊ ಎಂಬ ರಾಕ್ ತಂಡದೊಂದಿಗೆ, ಯುನೈಟೆಡ್ ಜಾಝ್ ಆ್ಯಂಡ್ ರಾಕ್ ಆನ್ಸಾಂಬಲ್‌ನೊಂದಿಗೆ ನುಡಿಸಿದರು. ಈ ನಡುವೆ ದಕ್ಷಿಣ ಭಾರತದ ನಾಗಸ್ವರಕ್ಕೆ ಮನಸೋತು ಅದನ್ನು ಕಲಿತರು. ಎಬರ್‌ಹಾರ್ಡ್ ವೆಬರ್ ಅವರ 1975ರ ‘ಯೆಲ್ಲೊ ಫೀಲ್ಡ್ಸ್’ ಆಲ್ಬಂನಲ್ಲಿ ಅವರು ಸೊಪ್ರಾನೊ ಸ್ಯಾಕ್ಸೋಫೋನಿನ ಜೊತೆಗೆ ನಾಗಸ್ವರವನ್ನೂ ನುಡಿಸಿದ್ದಾರೆ.

ನಮಗೆ ಹತ್ತಿರದ ಅಧ್ಯಾಯ ಇದರ ನಂತರದ್ದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ 1983ರಲ್ಲಿ ಅವರು ‘ಜ್ಯೋತಿ’ ಎಂಬ ಆಲ್ಬಂ ಅನ್ನು ಜರ್ಮನಿಯ ಇಸಿಎಂ ಸಂಸ್ಥೆಗಾಗಿ ಧ್ವನಿಮುದ್ರಿಸಿದರು. ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ, ಆರ್. ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರ ಖಂಜಿರ. ಇಲ್ಲಿ ಮರಿಯಾನೊ ಅತಿಥಿಯ ಸಂಕೋಚದಿಂದಲೂ ಯಜಮಾನನ ಗತ್ತಿನಿಂದಲೂ ನುಡಿಸುವುದಿಲ್ಲ. ರಮಾಮಣಿಯವರ ಸಾಲನ್ನು ಕೇಳಿಸಿಕೊಂಡು, ಅದು ಮುಗಿದಲ್ಲಿಂದ ಮುಂದುವರಿಸುತ್ತಾರೆ. 1963ರ ಮಿಂಗಸ್ ಧ್ವನಿಮುದ್ರಣ ಮತ್ತು ‘ಜ್ಯೋತಿ’ ಎರಡನ್ನೂ ಒಂದೇ ಗಂಟೆಯಲ್ಲಿ ಕೇಳಿದವರಿಗೆ, ಇಪ್ಪತ್ತು ವರ್ಷಗಳ ಅಂತರದಲ್ಲಿಯೂ ಅದೇ ಉಸಿರು, ಅದೇ ಅಳಲು ಇರುವುದು ಕೇಳಿಸುತ್ತದೆ. ಈ ಕಂತಿಗೆ ಬೆಂಗಳೂರಿನ ಲಯವಾದ್ಯ ಕಲಾವಿದರೊಬ್ಬರನ್ನು ಸ್ಟುಡಿಯೊಗೆ ಕರೆದು ‘ಜ್ಯೋತಿ’ಯ ತಾಳಗಳನ್ನು ಕೊನ್ನಕೋಲಿನಲ್ಲಿ, ಅಂದರೆ ಬಾಯಲ್ಲಿ ಲಯದ ಸೊಲ್ಲುಗಳಾಗಿ ಹೇಳಿಸಿದರೆ, ಜೀವಂತ ಅತಿಥಿಯಿಲ್ಲವೆಂದು ಮಂದ್ರಸ್ಥಾಯಿ ಅವರು ಹೇಳಿದ ಕೊರತೆಯೂ ಸ್ವಲ್ಪ ನೀಗುತ್ತದೆ.

ಇದೇ ಎಳೆಯನ್ನು ಹಿಡಿದು ಮುಂದಿನ ವಾರ ಕದ್ರಿ ಗೋಪಾಲನಾಥ್ ಅವರತ್ತ ಬರಬಹುದು. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿ ಜೊತೆಗೂಡಿ ನುಡಿಸಿದರು; ಕರ್ನಾಟಕ ಮೂಲದ ತಂದೆತಾಯಿಯರ ಮಗನಾಗಿ ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ಗೋಪಾಲನಾಥ್ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಮರಿಯಾನೊ ಜಾಝ್‌ನಿಂದ ನಾಗಸ್ವರದ ಕಡೆಗೆ ಬಂದರೆ, ಗೋಪಾಲನಾಥ್ ನಾಗಸ್ವರ ನುಡಿಸುತ್ತಿದ್ದ ಮನೆತನದಿಂದ ಸ್ಯಾಕ್ಸೋಫೋನಿನ ಕಡೆಗೆ ಹೋದವರು. ಎರಡು ವಾರಗಳನ್ನು ಒಂದರ ಹಿಂದೆ ಒಂದಾಗಿ ಇಟ್ಟರೆ ಸಾಕು, ವಿವರಣೆ ಬೇಕಾಗಿಲ್ಲ.

ಬಿಳಿಮನೆ ಕರಿಮನೆ:

ಒಂದು ವ್ಯಾವಹಾರಿಕ ಎಚ್ಚರಿಕೆ. ಧ್ವನಿಮುದ್ರಣಗಳ ಹಕ್ಕಿನ ವಿಷಯದಲ್ಲಿ ಬಾನುಲಿಯ ಪ್ರಸಾರ ಬೇರೆ, ಅದೇ ಕಂತನ್ನು ಅಂತರಜಾಲಕ್ಕೆ ಏರಿಸುವುದು ಬೇರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಡಿ ಕಲಮಿನ ಶಾಸನಬದ್ಧ ಪರವಾನಗಿ ರೇಡಿಯೊ ಮತ್ತು ದೂರದರ್ಶನ ಪ್ರಸಾರಕ್ಕೆ ಸಂಬಂಧಿಸಿದ್ದು; ಅದು ಅಂತರಜಾಲಕ್ಕೆ ಅನ್ವಯಿಸುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಪಾಡ್‌ಕಾಸ್ಟ್ ಮಾಡುವ ವಿಚಾರವಿದ್ದರೆ, ನಿಮ್ಮ ಕೇಂದ್ರದವರಿಂದ ಯಾವುದಕ್ಕೆ ಅನುಮತಿ ಇದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡು ಮುಂದುವರಿಯಿರಿ.

ತರಂಗಾಂತರ:

ಮೊದಲ ವಾರ ಕೋಲ್ಟ್ರೇನ್, ಎರಡನೆಯ ವಾರ ಜೋನಿ ಮಿಚೆಲ್, ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ಮರಿಯಾನೊ ಹಾಗೂ ಗೋಪಾಲನಾಥ್ ಎಂದು ನಿರ್ಧರಿಸಿದ್ದೇನೆ. ಇನ್ನೊಂದೇ ಸಂದೇಹ: ಕೋಲ್ಟ್ರೇನ್ ಅವರ 1967ರ ಧ್ವನಿಮುದ್ರಣವನ್ನು ಪೂರ್ತಿ ಕೇಳಿಸಲು ಸಮಯವಿಲ್ಲ. ಯಾವ ಭಾಗವನ್ನು ಆಯ್ದುಕೊಳ್ಳಲಿ?

ಮಂದ್ರಸ್ಥಾಯಿ:

ಕೋಲ್ಟ್ರೇನ್ ಅವರೇ ನುಡಿಸುತ್ತಿರುವ ಭಾಗದಿಂದ ಎಂಟು ನಿಮಿಷಗಳನ್ನು ತೆಗೆದುಕೊಳ್ಳಿ, ಮತ್ತು ಮೂಲ ರಾಗರೇಖೆ ಕ್ಷಣಕಾಲವಾದರೂ ಮೇಲೆದ್ದು ಬರುವ ಜಾಗ ಅದರೊಳಗೆ ಇರುವಂತೆ ನೋಡಿಕೊಳ್ಳಿ. 1960ರ ರೂಪವನ್ನು ಮಾತ್ರ ಒಂದು ಕ್ಷಣವನ್ನೂ ಕತ್ತರಿಸದೆ ಮೊದಲೇ ಪೂರ್ತಿ ಕೇಳಿಸಿರಬೇಕು. ಇಲ್ಲವಾದರೆ ಆ ಜಾಗ ಬಂದಾಗ ಕೇಳುಗರಿಗೆ ಗುರುತು ಸಿಗುವುದಿಲ್ಲ. ಆ ಸಂಜೆಯ ಧ್ವನಿಮುದ್ರಣದ ಗುಣಮಟ್ಟ ಒರಟಾಗಿದೆ, ಯಂತ್ರದ ದೋಷವೆಂದು ಯಾರೂ ರೇಡಿಯೊ ಆರಿಸದಂತೆ ಅದನ್ನು ಮುಂಚಿತವಾಗಿಯೇ ಒಂದು ವಾಕ್ಯದಲ್ಲಿ ಹೇಳಿಬಿಡಿ.